ಕಾಪು ಬೀಚಿನ ಸಮಾರ್ಯದ ಹೆಣ್ಣು

"ಸ್ವಲ್ಪ ಈ ಕಡೆ ತಿರುಗು ಅಶ್ವಿನಿ... ಹಾಂ, ಹಾಗೆ. ಎಷ್ಟು ಚೆಂದ ಉಂಟು!"

ಡೆನ್ವರ್ ಹಾಗೆಂದಾಗ ಕ್ಯಾರೆನ್‌ಳ ಹೊಟ್ಟೆ ಉರಿದುಹೋಯಿತು.

ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಕಾಪು ಬೀಚಿಗೆ ಬಂದು, ಓಡಾಡುವ ಜನರ ನಡುವೆ ಯೇಸುವಿನ ಕತೆಗಳನ್ನು ಬಿಡಿಸುವುದು ಡೆನ್ವರನ ರೂಢಿ. "ಚರ್ಚಿಗೆ ಬಾರದವರೂ ಇಲ್ಲಿ ನಿಂತು ನೋಡ್ತಾರಲ್ವಾ" ಎನ್ನುತ್ತಿದ್ದ. ಕಲ್ಯಾಣಪುರದ ಕ್ವಾಯರಿನಲ್ಲಿ ಅವನ ಜೊತೆ ಹಾಡುವ ಕ್ಯಾರೆನ್ ಮಣಿಪಾಲದಲ್ಲಿ ನರ್ಸ್. ಎರಡು ವರ್ಷದಿಂದ ಅವನ ಬೈಕಿನ ಹಿಂದೆ ಕೂತು ಬಂದು, ಕಡಲ ಗಾಳಿಗೆ ಚಿತ್ರದ ಸ್ಟ್ಯಾಂಡ್ ಬೀಳದಂತೆ ಹಿಡಿದು ನಿಲ್ಲುತ್ತಿದ್ದಳು. ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಿಂದಲೂ ಬಂದಿರಲಿಲ್ಲ.

ಈ ಸಲದ್ದು ಬಾವಿಕಟ್ಟೆಯ ಚಿತ್ರ. ಊರೇ ದೂರವಿಟ್ಟ ಸಮಾರ್ಯದ ಹೆಂಗಸಿನ ಬಳಿ ಯೇಸು ಕುಡಿಯಲು ನೀರು ಕೇಳುವ ಗಳಿಗೆ. ಆ ಹೆಂಗಸಾಗಿ ಸೊಂಟದಲ್ಲಿ ಕೊಡ ಇಟ್ಟು ನಿಂತವಳು ಅಶ್ವಿನಿ; ಬಾಗಲಕೋಟೆ ಕಡೆಯವಳು, ಹತ್ತಿರದ ಕಟ್ಟಡದಲ್ಲಿ ಕೂಲಿ ಕೆಲಸ. ಗಲ್ಲದ ಮೇಲೆ ಹಚ್ಚೆಯ ಬೊಟ್ಟು. ಡೆನ್ವರ್ ಅವಳನ್ನು ನೋಡುತ್ತಾನೆ, ಬ್ರಷ್ ತಾಗಿಸುತ್ತಾನೆ, ಕಣ್ಣು ಕಿರಿದು ಮಾಡಿ ಮತ್ತೆ ನೋಡುತ್ತಾನೆ. ತುಟಿಯೊಂದಕ್ಕೇ ಮೂರು ಬಣ್ಣ! ಒಂದೂವರೆ ಗಂಟೆಯಲ್ಲಿ ಕ್ಯಾರೆನ್ ಕಡೆಗೆ ತಿರುಗಿದ್ದು ಒಂದೇ ಸಲ: "ಗಟ್ಟಿ ಹಿಡಿ, ಗಾಳಿ ಉಂಟು."

ಗಾಳಿ ಬೀಸಿತು. ಕ್ಯಾರೆನ್ ಕೈ ಬಿಟ್ಟಳು.

ಹಸಿ ಚಿತ್ರ ಮರಳಿನ ಮೇಲೆ ಕವುಚಿ ಬಿತ್ತು.

"ಅಯ್ಯ, ನನ್ನ ಮಾರಿ!" ಅಶ್ವಿನಿ ಓಡಿಬಂದಳು. ಎತ್ತಿ ನೋಡಿದರೆ ಚಿತ್ರದ ಮುಖದ ಕೆನ್ನೆ, ಹಣೆಯೆಲ್ಲ ಮರಳು. ಅವಳ ಕಣ್ಣು ತುಂಬಿತು. "ಅವ್ವಗ ಫೋಟೋ ಕಳಸ್ತೀನಂತ ಹೇಳಿದ್ನ್ರೀ."

"ಗಾಳಿ ಅಲ್ವಾ, ಎಂತ ಮಾಡ್ಲಿಕ್ಕಾಗ್ತದೆ," ಎಂದ ಡೆನ್ವರ್ ಮೆಲ್ಲಗೆ.

ತಮ್ಮಿಬ್ಬರ ಮನೆಮಾತು ಕೊಂಕಣಿಯಲ್ಲಿ ಹೇಳಿದ್ದರೆ ಅಶ್ವಿನಿಗೆ ತಿಳಿಯುತ್ತಿರಲಿಲ್ಲ. ಕ್ಯಾರೆನ್ ಬೇಕೆಂದೇ ಕನ್ನಡದಲ್ಲಿ ಹೇಳಿದಳು: "ಗಾಳಿ ಅಲ್ಲ. ನಾನೇ ಬಿಟ್ಟದ್ದು. ಅಶ್ವಿನಿ, ನಿನ್ನ ತಪ್ಪು ಎಂತದೂ ಇಲ್ಲ. ಇವನು ನಿನ್ನನ್ನು ನೋಡುವ ಹಾಗೆ ನನ್ನನ್ನು ಒಂದು ದಿನವೂ ನೋಡಲಿಲ್ಲ. ನನಗೆ ತಡೆಯಲಿಕ್ಕೆ ಆಗಲಿಲ್ಲ."

ಡೆನ್ವರನ ಕಿವಿ ಕೆಂಪಾಯಿತು.

"ಚಿತ್ರ ಬಿಡಿಸುವುದು ನನಗೆ ಪ್ರಾರ್ಥನೆ ಮಾರಾಯ್ತಿ. ಅಶ್ವಿನಿಯನ್ನು ನೋಡ್ತಾ ಪ್ರಾರ್ಥನೆ ಮಾಡ್ಲಿಕ್ಕಾಗ್ತದೆ. ನಿನ್ನನ್ನು ನೋಡಿದರೆ ಪ್ರಾರ್ಥನೆಯೇ ಮರೆತುಹೋಗ್ತದೆ."

ಕಣ್ಣೀರಿನ ನಡುವೆಯೇ ಅಶ್ವಿನಿ ಕಿಸಕ್ಕನೆ ನಕ್ಕಳು. "ಇದನ್ನ ಮೊದಲ ಹೇಳಿದ್ರ ನನ್ನ ಮಾರಿ ಉಳೀತಿತ್ತಲ್ರೀ!"

ಕ್ಯಾರೆನ್ ಅವಳ ಕೈ ಹಿಡಿದು ಕ್ಷಮೆ ಕೇಳಿದಳು. ಮೂವರೂ ಮರಳಲ್ಲೇ ಕೂತರು. ಕ್ಯಾರೆನ್ ಸೇಫ್ಟಿ ಪಿನ್ನಿನ ತುದಿಯಿಂದ ಒಂದೊಂದೇ ಮರಳಕಣ ಬಿಡಿಸಿದಳು, ಡೆನ್ವರ್ ಹೊಸದಾಗಿ ಬಣ್ಣ ಹಚ್ಚಿದ. ಆ ಮುಖ ಮತ್ತೆ ಅಶ್ವಿನಿಯದಾದಾಗ ಕ್ಯಾರೆನ್ ತಾನೇ ಫೋಟೋ ತೆಗೆದುಕೊಟ್ಟಳು. ಅದನ್ನು ಅವ್ವನಿಗೆ ಕಳಿಸುತ್ತಾ ಅಶ್ವಿನಿ ನಗುನಗುತ್ತಲೇ ಹೊರಟಳು.

"ನಾಳೆ ನಿಮ್ಮ ಮನೆಗೆ ಬರ್ಲಾ?" ಡೆನ್ವರ್ ಬ್ರಷ್ ಒರೆಸುತ್ತಾ ಕೇಳಿದ. "ನಿನ್ನ ಅಪ್ಪನ ಹತ್ರ ಮಾತಾಡ್ಲಿಕ್ಕೆ."

"ಬ್ರಷ್ ನೋಡಿಕೊಂಡು ಕೇಳುವುದಲ್ಲ. ನನ್ನನ್ನು ನೋಡಿ ಕೇಳು."

ಅವನು ಬ್ರಷ್ ಕೆಳಗಿಟ್ಟು ನೋಡಿದ. ರೆಪ್ಪೆ ಮಿಟುಕಿಸದೆ, ಅವಸರವಿಲ್ಲದೆ ನೋಡಿದ.

ಅವಳೇ ಮೊದಲು ಕಣ್ಣು ತಗ್ಗಿಸಿದಳು.

"ಬಾ," ಎಂದಳು.