ಸೀಲ್ ಒಡೆಯದ ಬಾಟಲಿ

ಹನ್ನೆರಡನೇ ಬಾಟಲಿಯ ಸೀಲ್ ಹಾಗೇ ಇತ್ತು. ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ.

ಧ್ರುವದಲ್ಲಿ ಹಿಮ ವರ್ಷದ ಮೇಲೆ ವರ್ಷ ಪದರವಾಗಿ ಕೂರುತ್ತದೆ. ಎಲ್ಲೆಲ್ಲಿಂದಲೋ ಬಂದ ಹೊಗೆಯ ಸೀಸವೂ ಅದರೊಳಗೆ ಉಳಿಯುತ್ತದೆ. ನನ್ನ ಜೊತೆ ಕೆಲಸ ಮಾಡುವ ಅವನು ಅಲ್ಲಿಗೆ ಹೋಗಿ ಗುಂಡಿ ತೋಡಿ ಹಿಮ ತರುತ್ತಾನೆ, ನಾನು ಲ್ಯಾಬಿನಲ್ಲಿ ಸೀಸ ಅಳೆಯುತ್ತೇನೆ. ಪ್ರತಿ ಗುಂಡಿಗೂ ಶುದ್ಧ ನೀರಿನ ಒಂದು ಬಾಟಲಿಯನ್ನು ನಾನೇ ತುಂಬಿ ಕಳಿಸುತ್ತೇನೆ. ಅವನು ಅದನ್ನು ಅಲ್ಲಿ ಒಂದು ನಿಮಿಷ ತೆರೆದು ಮುಚ್ಚಬೇಕು. ಅದರಲ್ಲಿ ಸೀಸ ಕಂಡರೆ ಅದು ನಮ್ಮ ಕೈಯ ಕೊಳೆ, ಹಿಮದ್ದಲ್ಲ. ಆ ಪರೀಕ್ಷೆ ಇಲ್ಲದಿದ್ದರೆ ಆ ಗುಂಡಿಯ ಹಿಮವೆಲ್ಲ ದಂಡ.

ಲ್ಯಾಬಿನವರು ಅವನನ್ನು ಕರಡಿ ಅನ್ನುತ್ತಾರೆ. ಕರಡಿ ಬಾಗಿಲಲ್ಲಿ ನಿಂತು ಗಡ್ಡ ಕೆರೆದುಕೊಳ್ಳುತ್ತಿತ್ತು.

"ಇದನ್ಯಾಕ್ರೀ ತೆರೆದಿಲ್ಲ? ಮರೆತ್ರಾ?"

"ಇಲ್ಲ."

"ಮತ್ತೆ?"

"ಹನ್ನೊಂದು ತೆರೆದೆ. ನೀವು ಕೈಯಾರೆ ಮುಚ್ಚಿದ್ದು ಅಂತ ಅಲ್ಲಿ ಅದೊಂದೇ ಉಳಿದಿತ್ತು. ಮನಸ್ಸೇ ಬರಲಿಲ್ಲ." ಅವನ ಕಿವಿ ಕೆಂಪಾಯಿತು. "ವಾಪಸ್ ಬರೋವರೆಗೂ ದಿಂಬಿನ ಪಕ್ಕ ಇತ್ತು."

ಬೈಯಲೆಂದು ಬಾಯಿ ತೆರೆದೆ, ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಮೂರು ವರ್ಷದಿಂದ ಕಾದಿದ್ದು ಈ ಮಾತಿಗೇ. ಹನ್ನೆರಡು ಗುಂಡಿಯೂ ಮುಗಿದವು, ಇನ್ನು ಅವನು ಎಲ್ಲಿಗೂ ಹೋಗುವುದಿಲ್ಲವಂತೆ ಎಂದು ನಿನ್ನೆಯಷ್ಟೇ ಅಕ್ಕನ ಮುಂದೆ ಕುಣಿದಾಡಿದ್ದೆ. ಈಗ ವರದಿಯಲ್ಲಿ ನಿಜ ಬರೆದರೆ ಅವನೇ ಹೋಗಿ ಮತ್ತೆ ಗುಂಡಿ ತೋಡಬೇಕು. ಸುಮ್ಮನೆ ಇಲ್ಲೇ ಸೀಲ್ ಒಡೆದರೆ ಯಾರಿಗೂ ತಿಳಿಯುವುದಿಲ್ಲ, ಅವನು ಇಲ್ಲೇ ಉಳಿಯುತ್ತಾನೆ.

ಮುಚ್ಚಳದ ಮೇಲೆ ಬೆರಳಿಟ್ಟೆ, ತೆಗೆದೆ. ಕಿಟಕಿಯವರೆಗೆ ಹೋದೆ, ಬಂದೆ. ಮತ್ತೆ ಬೆರಳಿಟ್ಟೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಕೊನೆಗೆ ಬಾಟಲಿಯನ್ನು ಪಕ್ಕಕ್ಕೆ ಸರಿಸಿ ಅವನತ್ತ ತಿರುಗಿದೆ.

"ನಿಮ್ಮ ಪ್ರೀತಿಗೆ ಬೇರೆ ಜಾಗ ಸಿಗಲಿಲ್ವೇನ್ರೀ? ಇನ್ನೂ ನಾಲ್ಕು ತಿಂಗಳು ಕಾಯ್ಬೇಕಲ್ಲ ನಾನು!"

ಕಣ್ಣು ಒರೆಸಿಕೊಂಡು ವರದಿಯಲ್ಲಿ ಟೈಪ್ ಮಾಡಿದೆ: ಹನ್ನೆರಡನೇ ಗುಂಡಿ, ಪರೀಕ್ಷೆ ಆಗಿಲ್ಲ.

"ಕಾಯ್ತೀರಾ?" ಎಂದ ಮೆಲ್ಲಗೆ.

"ಇಷ್ಟು ದಿನ ಇನ್ನೇನು ಮಾಡ್ತಿದ್ದೆ ಅಂದ್ಕೊಂಡ್ರಿ?"

ಹೊರಡುವ ದಿನ ಅವನ ಕೈಗೆ ಎರಡು ಬಾಟಲಿ ಕೊಟ್ಟೆ.

"ಇದನ್ನ ಗುಂಡಿ ಹತ್ರ ತೆರೀಲೇಬೇಕು. ಇಲ್ಲಾಂದ್ರೆ ನಾನು ಮನೆ ಬಾಗಿಲು ತೆರೆಯಲ್ಲ."

"ಇನ್ನೊಂದು?"

"ಅದು ದಿಂಬಿನ ಪಕ್ಕಕ್ಕೆ. ಬಂದ್ಮೇಲೆ ಇಬ್ರೂ ಸೇರಿ ತೆರೆಯೋಣ."