ಉತ್ತರಕ್ಕೆ ಕಾಯುವವನು

ಸಾವಿಗೆ ಬಂದಿದ್ದ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತರು.

“ಅವನ ಬ್ಯಾಗಲ್ಲಿ ಊಟದ ಡಬ್ಬಿ ಹಾಗೇ ಇದೆ ಕಣಮ್ಮ. ನನಗೆ ಕೈ ಹಾಕೋಕೆ ಆಗ್ತಿಲ್ಲ.”

ಅವಳೇ ತೆಗೆದಳು. ಗಂಡನಿಗೆ ತಾನೇ ಕಟ್ಟಿದ್ದ ಊಟ. ಬಸ್ ಸ್ಟಾಪಿನಲ್ಲಿ ಕುಸಿದವನು ಅದನ್ನು ಬಿಚ್ಚಿರಲಿಲ್ಲ. ಕೆಳಗೆ ಅವನ ಇಂಗ್ಲಿಷ್ ತರಗತಿಯ ಫೀಡ್‌ಬ್ಯಾಕ್ ಫಾರಂಗಳ ಕಟ್ಟಿತ್ತು. ವಿದ್ಯಾರ್ಥಿಗಳು ಹೆಸರು ಹಾಕದೆ ಬರೆಯುವಂಥವು. ಮೇಲೆ ಕಾಲೇಜಿನ ಗುಮಾಸ್ತೆಯ ಚೀಟಿ: ‘ಎರಡೇ ದಿನಕ್ಕೆ ಸರ್, ಓದಿ ವಾಪಸ್ ಕೊಡಿ.’ ಅವಳು ಫಾರಂಗಳನ್ನು ಒಂದೊಂದಾಗಿ ಓದಿದಳು.

‘ತಪ್ಪು ಮಾತಾಡಿದ್ರೂ ನಗಲ್ಲ.’

‘ಗ್ರಾಮರ್ ಆಮೇಲೆ, ಮೊದಲು ಬಾಯಿ ಬಿಡು ಅಂತಾರೆ.’

‘ಪ್ರಶ್ನೆ ಕೇಳಿ ಕಾಯ್ತಾರೆ. ಎಷ್ಟು ಹೊತ್ತಾದ್ರೂ.’

“ಎಲ್ಲರೂ ಹೊಗಳಿದಾರಾ?” ಅತ್ತೆ ಕೇಳಿದರು.

“ಹೂಂ ಅತ್ತೆ. ಎಲ್ಲರೂ.”

ಆರು ವರ್ಷದ ಹಿಂದೆ ಅವಳೂ ಅವನ ಸಂಜೆ ತರಗತಿಯ ಕೊನೆಯ ಬೆಂಚಿನಲ್ಲಿದ್ದಳು. ಎಂ.ಎ. ಮುಗಿಸಿದ್ದರೂ ಇಂಗ್ಲಿಷ್ ಎಂದರೆ ನಾಲಿಗೆ ಏಳುತ್ತಿರಲಿಲ್ಲ. ಪ್ರಶ್ನೆ ಕೇಳಿದವನು ಅಂಗೈಯ ಸೀಮೆಸುಣ್ಣ ಒರೆಸುತ್ತ, ನೋಡದವನ ಹಾಗೆ ಅವಳನ್ನೇ ನೋಡುತ್ತ ನಿಂತಿದ್ದ.

“ಉತ್ತರ ಬರದೇ ಇದ್ರೆ ಸರ್?”

“ಬರಲಿ ಬಿಡಿ, ನಿಧಾನವಾಗಿ. ನನಗೇನು ಬೇರೆ ಕೆಲಸ?” ತುಟಿಯ ಒಂದು ಬದಿ ಮಾತ್ರ ನಕ್ಕಿತು. ಅವಳು ಸೋತದ್ದು ಆ ನಗುವಿಗಲ್ಲ, ಕಾಯುವಿಕೆಗೆ.

ಮದುವೆಯಾದ ಮೇಲೆ ಅವನಿಗೆ ಬೇರೆ ಕೆಲಸಗಳಿದ್ದವು. ಅವಳು ಬಾಯಿ ತೆರೆದರೆ, “ಗೊತ್ತಾಯ್ತು ಬಿಡು” ಎಂದು ಮಾತನ್ನು ತಾನೇ ಮುಗಿಸುತ್ತಿದ್ದ. ಕೊನೆಯ ಬೆಳಿಗ್ಗೆ ಅವಳು, “ನಮ್ಮಿಬ್ಬರ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು” ಎಂದಿದ್ದಳು. ಅವನು ಲೇಸ್ ಕಟ್ಟುತ್ತ, “ಬಸ್ ತಪ್ಪುತ್ತೆ ಕಣೇ” ಎಂದಿದ್ದ.

ಗುಮಾಸ್ತೆಯ ಫೋನ್ ಬಂತು. “ಮೇಡಂ, ಇಂಥ ಹೊತ್ತಲ್ಲಿ ಕೇಳಬಾರದು. ಇವತ್ತು ಶೋಕಸಭೆ. ಆ ಫಾರಂಗಳನ್ನೇ ಓದೋಣ ಅಂತಿದಾರೆ ಪ್ರಿನ್ಸಿಪಾಲ್ರು.”

“ತರ್ತೀನಿ.”

ಕಟ್ಟಿನ ಕೊನೆಗೆ ಒಂದು ಖಾಲಿ ಫಾರಂ ಉಳಿದಿತ್ತು. ‘ಈ ಶಿಕ್ಷಕರಲ್ಲಿ ಇಷ್ಟವಾದದ್ದು?’ ಕಾಯುವುದು, ಎಂದು ಬರೆದಳು. ‘ಸುಧಾರಿಸಬೇಕಾದದ್ದು?’ ಅಲ್ಲಿ ಪೆನ್ನು ನಿಂತಿತು. ತೀರಿಕೊಂಡವನ ಮೇಲೆ ದೂರು ಹೇಳುವ ಹೆಂಡತಿಯನ್ನು ಯಾರೂ ಕ್ಷಮಿಸುವುದಿಲ್ಲ. ಹೇಳದೆ ಉಳಿದರೆ, ಅವಳ ಪಾಲಿನ ಅವನು ಎಲ್ಲೂ ಇರುವುದಿಲ್ಲ.

ಬರೆದಳು.

ಕಾಲೇಜಿನಲ್ಲಿ ಗುಮಾಸ್ತೆ ಫಾರಂಗಳನ್ನು ಎಣಿಸಿ ಹುಬ್ಬು ಗಂಟಿಕ್ಕಿದಳು. “ಅವತ್ತು ಒಬ್ಬರು ಗೈರು. ಮೂವತ್ತೆಂಟು ಜನ ಬರೆದಿದ್ರು. ಮೂವತ್ತೊಂಬತ್ತು ತುಂಬಿದೆಯಲ್ಲ ಮೇಡಂ?”

“ನಾನೂ ಅವರ ಸ್ಟೂಡೆಂಟೇ.”

ಗುಮಾಸ್ತೆ ಕೊನೆಯ ಹಾಳೆ ಓದಿದಳು: ‘ಮನೆಯಲ್ಲಿ ಒಬ್ಬಳಿದ್ದಳು. ಅವಳಿಗಾಗಿ ಕಾಯಲಿಲ್ಲ. ಆದರೂ ಅವಳಿಗೆ ಇವರೇ ಬೇಕಿತ್ತು.’

“ಇದನ್ನೂ… ಸಭೇಲಿ?”

“ಓದಿ,” ಎಂದು ಅವಳು ಕಟ್ಟನ್ನು ಮೇಜಿನ ಆಚೆಗೆ ತಳ್ಳಿದಳು.