ಹಾಜರಿ ಗುಮಾಸ್ತ ಓದಿದ ಪತ್ರ

ಜುಲೈ ಒಂಬತ್ತು, ಸೋಮವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ನಿರುದ್ಯೋಗ ಭತ್ಯೆ ಕಚೇರಿಯ ಮಹಿಳಾ ಅಧಿಕಾರಿ ಠಾಣೆಗೆ ಬಂದರು. ಕೂರುವ ಮೊದಲೇ ಕಡತ ಬಿಚ್ಚಿ, ಎರಡು ಕಾಗದಗಳನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಇದು ರಾಜೀನಾಮೆ. ಬಾಟಲಿ ಕಾರ್ಖಾನೆ ಮಾಲೀಕರು ಮಾರ್ಚ್‌ನಲ್ಲಿ ಕಳಿಸಿದ್ದು. ಇದು ಕೆಲಸದಿಂದ ತೆಗೆದ ಪ್ರಮಾಣಪತ್ರ, ಏಪ್ರಿಲ್‌ನಲ್ಲಿ ಎರಡನೇ ಅರ್ಜಿ ಜೊತೆ ಬಂದಿದ್ದು. ಎರಡೂ ಒಬ್ಬನದೇ. ತಾನೇ ಬಿಟ್ಟೂ ಹೋಗಿ, ತೆಗೆದೂ ಹಾಕಿಸಿಕೊಳ್ಳೋಕಾಗುತ್ತಾ?"

"ಯಾವುದಾದರೇನು ಮೇಡಂ? ಕೆಲಸ ಹೋಯ್ತಲ್ಲ."

"ತೆಗೆದುಹಾಕಿದ್ರೆ ಮಾತ್ರ ಭತ್ಯೆ. ತಾವಾಗಿ ಬಿಟ್ರೆ ಇಲ್ಲ. ಇಂಥ ಒಂಬತ್ತು ಜೋಡಿ ಇವೆ. ಪ್ರಮಾಣಪತ್ರ ನಾನು ಕೊಟ್ಟೇ ಇಲ್ಲ ಅಂತಾರೆ ಮಾಲೀಕರು."

ನಕಲಿ ದಾಖಲೆ ಮತ್ತು ವಂಚನೆಯ ಆರೋಪದಡಿ ಹನ್ನೊಂದೂಕಾಲಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್ಸ್‌ಪೆಕ್ಟರ್, ಒಬ್ಬಳು ಮಹಿಳಾ ಪೇದೆ ಮತ್ತು ಇಬ್ಬರು ಪಂಚರು ಕಾರ್ಖಾನೆಗೆ ಹೋದರು. ಫೆಬ್ರವರಿ ಇಪ್ಪತ್ತೆಂಟರಂದು ಅದು ಮುಚ್ಚಿತ್ತು. ಆರಿದ ಕುಲುಮೆಯ ಪಕ್ಕದ ಹಾಜರಿ ಕೋಣೆಯಲ್ಲಿ ಕಾರ್ಡು ಸಿಕ್ಕಿಸುವ ಹಲಗೆ ಖಾಲಿಯಾಗಿತ್ತು. ಮೇಜಿನ ಖಾನೆಯಲ್ಲಿ ಶಾಯಿ ಪ್ಯಾಡ್ ಇತ್ತು, ಕಾರ್ಖಾನೆಯ ಮೊಹರು ಇರಲಿಲ್ಲ. ಬೀಗ ಒಡೆದಿರಲಿಲ್ಲ. ಅಷ್ಟನ್ನೂ ಪಂಚನಾಮೆಯಲ್ಲಿ ಬರೆದುಕೊಂಡರು.

ಬಾಗಿಲಲ್ಲಿ ನಿಂತಿದ್ದ ಮಾಲೀಕನನ್ನು ಇನ್ಸ್‌ಪೆಕ್ಟರ್ ಕೇಳಿದರು. "ಕೊನೆಗೆ ಎಷ್ಟು ಜನ ಇದ್ರು?"

"ಹತ್ತು. ಎಲ್ಲರೂ ತಾವಾಗಿಯೇ ರಾಜೀನಾಮೆ ಕೊಟ್ರು."

"ಒಂದೇ ದಿನ?"

"ಅವರವರ ಇಷ್ಟ ಸಾರ್."

"ಒಂದೇ ಪೆನ್ನಲ್ಲಿ?"

ಮಾಲೀಕ ಕೈಗಡಿಯಾರ ನೋಡಿಕೊಂಡ.

ಮರುದಿನ ಒಂಬತ್ತು ಅರ್ಜಿದಾರರ ಹೇಳಿಕೆ ಪಡೆಯಲು ಮನೆಮನೆಗೆ ಹೋದರು. ರಾಜೀನಾಮೆ ತೋರಿಸಿದಾಗ ಎಂಟು ಜನರೂ ಕಂಗಾಲಾದರು; ಕಾರ್ಖಾನೆ ಮುಚ್ಚಿದ ದಿನ ಸಂಬಳದ ರಸೀದಿ ಎಂದುಕೊಂಡು ಸಹಿ ಹಾಕಿದ್ದರಂತೆ. ಪ್ರಮಾಣಪತ್ರ ಎಲ್ಲಿಂದ ಬಂತು ಎಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ಅಂಚೇಲಿ ಬಂತು." ಕುಲುಮೆ ಮೇಸ್ತ್ರಿಯಂತೂ, "ಯಾರು ಕಳಿಸಿದ್ರೋ ಅವರ ಹೊಟ್ಟೆ ತಣ್ಣಗಿರಲಿ" ಎಂದು ಬಾಗಿಲು ಹಾಕಿಕೊಂಡ.

ಒಂಬತ್ತನೆಯವಳು ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸು, ಐವತ್ತು ದಾಟಿದವಳು. ಹೆಸರು ಬರೆಯುವುದೊಂದು ಬಿಟ್ಟರೆ ಓದುಬರಹ ಬಾರದು.

"ಎರಡನೇ ಅರ್ಜಿ ಯಾಕಮ್ಮ ಹಾಕಿದ್ರಿ?" ಪೇದೆ ಕೇಳಿದಳು.

"ಎರಡನೇದು ಎಲ್ಲಿಂದ ಬಂತವ್ವ? ಮೊದಲನೇದೇ ಮಂಜೂರಾಯ್ತಲ್ಲ. ಕಾಗದ ಇಟ್ಟುಕೊಂಡಿದೀನಿ, ತಾಳು."

ಬಟ್ಟೆಗಳ ಅಡಿಯಿಂದ ತೆಗೆದುಕೊಟ್ಟ ಪತ್ರವನ್ನು ಪೇದೆ ಓದಿದಳು. ಏಪ್ರಿಲ್ ನಾಲ್ಕರ ತಾರೀಖು. 'ತಾವು ಸ್ವಇಚ್ಛೆಯಿಂದ ಕೆಲಸ ತೊರೆದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಅವಳು ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವರು ಮೆಲ್ಲಗೆ ಕೇಳಿದರು.

"ಇದನ್ನ ಓದಿ ಹೇಳಿದ್ದು ಯಾರಮ್ಮ?"

"ನಮ್ಮ ಹಾಜರಿ ಅಣ್ಣ. ಇಪ್ಪತ್ತು ವರ್ಷದಿಂದ ನನ್ನ ಕಾಗದ ಎಲ್ಲ ಅವನೇ ಓದೋದು."

ಬುಧವಾರ, ಜುಲೈ ಹನ್ನೊಂದು, ಮಧ್ಯಾಹ್ನ ಮೂರೂವರೆ. ಹಾಜರಿ ಗುಮಾಸ್ತ ಮೂರನೇ ಮಹಡಿಯ ಒಂದು ಕೋಣೆಯಲ್ಲಿ ತಂಗಿಯ ಸಂಸಾರದ ಜೊತೆ ಇದ್ದ. ಪೊಲೀಸರನ್ನು ಕಂಡವನೇ ಕಪಾಟು ತೆಗೆದು, ಕರವಸ್ತ್ರದಲ್ಲಿ ಸುತ್ತಿದ್ದ ಮೊಹರನ್ನು ಮೇಜಿನ ಮೇಲಿಟ್ಟ.

"ಮಾಲೀಕರ ಸಹಿ?"

"ಅದೂ ನಾನೇ ಸಾರ್. ಇಪ್ಪತ್ತು ವರ್ಷ ನೋಡಿದ ಸಹಿ."

"ರಾಜೀನಾಮೆಗೆ ಸಹಿ ಹಾಕಿಸಿದ್ದು?"

"ನಾನೇ. ಸಂಬಳದ ರಸೀದಿ ಅಂತ ಹೇಳು ಅಂದ್ರು ಯಜಮಾನ್ರು, ಹೇಳಿದೆ. ಹೆದರ್ತಾರೆ ಅಂತ ಮೊದಲನೇ ಸಹಿ ನಂದೇ ಹಾಕಿ ತೋರಿಸಿದೆ. ಭತ್ಯೆ ಕೈತಪ್ಪುತ್ತೆ ಅಂತ ನನಗೂ ಗೊತ್ತಿರಲಿಲ್ಲ."

"ಆಮೇಲೆ?"

"ತಿರಸ್ಕಾರದ ಕಾಗದ ಹಿಡ್ಕೊಂಡು ಆಕೆ ಬಂದ್ಲು. ಓದಣ್ಣ ಅಂದ್ಲು. ನನ್ನ ಕೈಯಿಂದಲೇ ಆದದ್ದು ಅಂತ ಹೇಳೋಕೆ ಬಾಯಿ ಬರಲಿಲ್ಲ. ಮಂಜೂರಾಗಿದೆ ಅಂತ ಓದಿಬಿಟ್ಟೆ. ಓದಿದ ಮೇಲೆ ನಿಜ ಮಾಡಬೇಕಲ್ಲ ಸಾರ್."

"ಎರಡನೇ ಅರ್ಜಿಗೆ ಸಹಿ ಹೇಗೆ ತಗೊಂಡೆ?"

ಗುಮಾಸ್ತ ತಲೆ ತಗ್ಗಿಸಿದ. "ರಸೀದಿ ಅಂತ ಹೇಳಿದೆ."



"ಉಳಿದ ಎಂಟು ಜನ?"

"ಅವರೂ ತಿರಸ್ಕಾರದ ಕಾಗದ ನನ್ನ ಹತ್ರಾನೇ ತಂದ್ರು. ನಾನು ತೋರಿಸಿದ ಕಡೆ ಸಹಿ ಹಾಕೋದು ಅವರಿಗೆ ಅಭ್ಯಾಸ."

"ನಿನ್ನ ಅರ್ಜಿ?"

"ನಾನು ಹಾಕಿಲ್ಲ."

ಇನ್ಸ್‌ಪೆಕ್ಟರ್ ತಿರಸ್ಕಾರದ ಪತ್ರವನ್ನು ಅವನ ಮುಂದೆ ಹಿಡಿದು ಕೊನೆಯ ಸಾಲುಗಳ ಮೇಲೆ ಬೆರಳಿಟ್ಟರು. ಒತ್ತಾಯದಿಂದಲೋ ಮೋಸದಿಂದಲೋ ರಾಜೀನಾಮೆ ಪಡೆದಿದ್ದರೆ ಅರವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದಿತ್ತು.

"ಇದನ್ನ ಓದಲಿಲ್ವಾ?"

ಗುಮಾಸ್ತ ಆ ಸಾಲುಗಳನ್ನು ಎರಡು ಸಲ ಓದಿದ. "ಇಲ್ಲ ಸಾರ್. ಸುಳ್ಳು ಹುಟ್ಟಿಸೋ ಗಡಿಬಿಡೀಲಿ ಕೊನೇವರೆಗೆ ಕಣ್ಣು ಹೋಗಲೇ ಇಲ್ಲ. ನೀವು ಬರೋ ಮುಂಚೆ ಯಾರಾದ್ರೂ ಹೇಳಿದ್ದಿದ್ರೆ..."

ಅರವತ್ತು ದಿನ ಜೂನ್ ಮೂರಕ್ಕೇ ಮುಗಿದಿತ್ತು. ನಾಲ್ಕೂ ನಲವತ್ತಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಮೆಟ್ಟಿಲಿಳಿಯುವಾಗ ತಂಗಿ ಹಿಂದಿನಿಂದ ಕೂಗಿದಳು. "ಚಪ್ಪಲಿ ಹಾಕ್ಕೊಂಡು ಹೋಗಣ್ಣ."

ಸಂಜೆ ಪ್ಯಾಕಿಂಗ್ ಹೆಂಗಸು ಠಾಣೆಗೆ ಬಂದಳು. ಪೇದೆ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಪತ್ರದಲ್ಲಿ ಏನಿತ್ತೋ ಅದನ್ನೇ ಓದಿ ಹೇಳಿದಳು. ಭತ್ಯೆ ನಿಲ್ಲುತ್ತದೆ ಎಂದೂ ಹೇಳಿದಳು. ಹೆಂಗಸು ಸೆರಗಿನ ತುದಿ ತಿರುವುತ್ತಾ ಹೇಳಿದಳು.

"ಆವತ್ತು ಅವನ ದನಿ ನಡುಗ್ತಿತ್ತವ್ವ. ನನಗೆ ತಿಳೀತು, ಏನೋ ಸರಿಯಿಲ್ಲ ಅಂತ. ಬೇರೆ ಯಾರ ಹತ್ರನಾದ್ರೂ ಓದಿಸಬೇಕಿತ್ತು ನಾನು. ಅವನಿಗೆ ಬೇಜಾರಾಗುತ್ತೆ ಅಂತ ಸುಮ್ಮನಾದೆ."

ಪೇದೆ ನೀರು ತಂದುಕೊಟ್ಟಳು.

ಒಳಗೆ ಇನ್ಸ್‌ಪೆಕ್ಟರ್ ಮಾಲೀಕನ ಮೇಲೆ ವಂಚನೆಯ ಇನ್ನೊಂದು ಪ್ರಕರಣ ದಾಖಲಿಸಿದರು. ಗಡುವು ಸಡಿಲಿಸಬಹುದೇ ಎಂದು ಭತ್ಯೆ ಕಚೇರಿಗೆ ಪತ್ರ ಬರೆಸಿದರು. ಆಗುತ್ತದೆಂಬ ಭರವಸೆ ಅವರಿಗಿರಲಿಲ್ಲ. ಆಮೇಲೆ ಗುಮಾಸ್ತನ ಕೇಸ್ ಡೈರಿ ತೆರೆದರು. ಉದ್ದೇಶ ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು.

'ಆರೋಪಿಯು ತನಗಾಗಿ ಏನನ್ನೂ ಪಡೆದಿಲ್ಲ' ಎಂದು ಬರೆದರು. 'ತನ್ನನ್ನು ನಂಬಿದವಳ ಮುಂದೆ ಒಂದು ಪತ್ರವನ್ನು ಇದ್ದ ಹಾಗೆ ಓದಲು ಅವನಿಂದ ಆಗಲಿಲ್ಲ.'